ಬೆಟ್ಟದ ಬಿಡಾರದಿಂದ 5 ವ್ಯಾಟ್ ಮಾತು



ಕೊಹಿನೂರಿನ ಕೆಲವು ವಿದ್ಯಾರ್ಥಿಗಳು ತಮ್ಮ ಗುರುಗಳೊಂದಿಗೆ ಚಿಕ್ಕಮಗಳೂರಿನ ಬೆಟ್ಟಸಾಲಿಗೆ ಹೋಗಿದ್ದಾರೆ ಎಂದು ಭಾವಿಸಿ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಇರುವುದು ಅಲ್ಲಿಯೇ. ಅದರ ಎತ್ತರ ಸಮುದ್ರಮಟ್ಟದಿಂದ 1,930 ಮೀಟರ್. ಅನುಮತಿ ಪಡೆದು ಒಂದು ಕಣಿವೆಯಲ್ಲಿ ಡೇರೆ ಹಾಕಿದ್ದಾರೆ. ಮಧ್ಯಾಹ್ನ ಒಬ್ಬ ಹುಡುಗ ಬಂಡೆಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡ. ಮೊಬೈಲ್ ತೆಗೆದು ನೋಡಿದರೆ ಸಿಗ್ನಲ್ ಇಲ್ಲ! ಈಗೇನು ಮಾಡುವುದು?

ಅವರ ಗುರುಗಳು ಹವ್ಯಾಸಿ ರೇಡಿಯೊ ಪರವಾನಗಿ ಪಡೆದವರು. ಇಂಥವರನ್ನು ‘ಹ್ಯಾಮ್’ ಎನ್ನುತ್ತಾರೆ. ಅವರ ಚೀಲದಲ್ಲಿ ಒಂದು ಪುಟ್ಟ ರೇಡಿಯೊ, ಒಂದು ಬ್ಯಾಟರಿ ಮತ್ತು ಒಂದು ಸುರುಳಿ ತಂತಿ ಇವೆ. ಇಷ್ಟರಿಂದ ನೆರವು ಕೇಳಲು ಸಾಧ್ಯವೇ? ನೋಡೋಣ.

ಮೊಬೈಲ್ ಏಕೆ ಸೋತಿತು?

ಮೊಬೈಲ್ ಒಂದು ರೇಡಿಯೊ. ಅದರ ತರಂಗಗಳು ಹತ್ತಿರದ ಗೋಪುರವನ್ನು ತಲುಪಬೇಕು. ಈ ತರಂಗಗಳ ಆವೃತ್ತಿ ಬಹಳ ಹೆಚ್ಚು. ಅವು ಬೆಳಕಿನಂತೆ ಬಹುತೇಕ ನೇರವಾಗಿ ಚಲಿಸುತ್ತವೆ. ನಡುವೆ ಬೆಟ್ಟ ಬಂದರೆ ನೆರಳು ಬಿದ್ದಂತೆ ಆಗುತ್ತದೆ. ಕಣಿವೆಯಲ್ಲಿ ಕುಳಿತವರು ಆ ನೆರಳಿನಲ್ಲಿದ್ದಾರೆ.

ಆಕಾಶದ ಕನ್ನಡಿ

ಬೆಟ್ಟ ಅಡ್ಡ ಬಂದರೂ ತಲೆಯ ಮೇಲೆ ಆಕಾಶ ತೆರೆದೇ ಇದೆಯಲ್ಲವೇ? ಸೂರ್ಯನ ಕಿರಣಗಳಿಂದ ವಾಯುಮಂಡಲದ ಮೇಲ್ಭಾಗದ ಅನಿಲಗಳು ವಿದ್ಯುದಾವೇಶ ಪಡೆಯುತ್ತವೆ. ಈ ಪದರವೇ ಅಯಾನುಗೋಳ. 7 ಮೆಗಾಹರ್ಟ್ಸ್‌ನಂತಹ ಕಡಿಮೆ ಆವೃತ್ತಿಯ ತರಂಗಗಳನ್ನು ಅದು ಬಾಗಿಸಿ ಮತ್ತೆ ನೆಲಕ್ಕೆ ಕಳುಹಿಸುತ್ತದೆ. ಮೊಬೈಲ್ ತರಂಗಗಳಾದರೋ ಅದನ್ನು ದಾಟಿ ಹೋಗಿಬಿಡುತ್ತವೆ.

ಮುಳ್ಳಯ್ಯನಗಿರಿಯಿಂದ ಬಸವಕಲ್ಯಾಣಕ್ಕೆ ನೇರ ಗೆರೆಯಲ್ಲಿ ಸುಮಾರು 500 ಕಿ.ಮೀ. ತರಂಗವು ಸುಮಾರು 300 ಕಿ.ಮೀ. ಎತ್ತರಕ್ಕೆ ಹೋಗಿ ಮರಳಿತು ಎಂದುಕೊಳ್ಳಿ. ಆಗ ಅದು ಕ್ರಮಿಸುವ ದಾರಿ ಸುಮಾರು 780 ಕಿ.ಮೀ. ರೇಡಿಯೊ ತರಂಗದ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಅಂದರೆ ತಗಲುವ ಕಾಲ ಒಂದು ಸೆಕೆಂಡಿನ 380ನೆಯ ಒಂದು ಭಾಗ. ನೀವು ಕಣ್ಣು ಮಿಟುಕಿಸುವುದರೊಳಗೆ ಮಾತು ಬೆಟ್ಟದಿಂದ ನಮ್ಮೂರಿಗೆ ಬಂದಿರುತ್ತದೆ!

ತಂತಿ ಎಷ್ಟು ಉದ್ದ?

ಇದಕ್ಕೊಂದು ಸುಲಭ ಲೆಕ್ಕವಿದೆ. 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ತರಂಗದೂರ ಮೀಟರ್‌ಗಳಲ್ಲಿ ಸಿಗುತ್ತದೆ. 300 ÷ 7 = ಸುಮಾರು 43 ಮೀಟರ್. ಅದರ ಅರ್ಧದಷ್ಟು ಉದ್ದದ ತಂತಿ ಒಳ್ಳೆಯ ಆಂಟೆನಾ ಆಗುತ್ತದೆ. ನಡುವೆ ರೇಡಿಯೊದ ಕೇಬಲ್ ಜೋಡಿಸಿ, ಎರಡೂ ಬದಿಗೆ ಸುಮಾರು 10 ಮೀಟರ್ ತಂತಿಯನ್ನು ಮರಗಳಿಗೆ ಹಗ್ಗದಿಂದ ಕಟ್ಟಬೇಕು. ತಂತಿ ಬಹಳ ಎತ್ತರದಲ್ಲಿ ಇರಬೇಕಾಗಿಲ್ಲ. ನೆಲಕ್ಕೆ ಸಮೀಪದ ತಂತಿಯು ತರಂಗಗಳನ್ನು ಹೆಚ್ಚಾಗಿ ಮೇಲಕ್ಕೆ ಕಳುಹಿಸುತ್ತದೆ. ಕಣಿವೆಯಲ್ಲಿ ಇರುವವರಿಗೆ ಬೇಕಾದುದೂ ಅದೇ.

5 ವ್ಯಾಟ್ ಸಾಕೇ?

ಗುರುಗಳ ರೇಡಿಯೊ ಹೊರಸೂಸುವ ಶಕ್ತಿ 5 ವ್ಯಾಟ್. ಒಂದು ಚಿಕ್ಕ ಎಲ್ಇಡಿ ಬಲ್ಬು ಬಳಸುವಷ್ಟು ಮಾತ್ರ! ಮನೆಯಲ್ಲಿಟ್ಟು ಬಳಸುವ ಹ್ಯಾಮ್ ರೇಡಿಯೊಗಳಲ್ಲಿ 100 ವ್ಯಾಟ್ ಸಾಮಾನ್ಯ. ಹಾಗಾದರೆ ಅದನ್ನೇ ಏಕೆ ಒಯ್ಯಲಿಲ್ಲ?

ಉತ್ತರ ಬ್ಯಾಟರಿಯಲ್ಲಿದೆ. 12 ವೋಲ್ಟ್, 7 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಎರಡು ಕಿಲೊಗ್ರಾಂಗಿಂತ ಹೆಚ್ಚು ತೂಗುತ್ತದೆ. 100 ವ್ಯಾಟ್‌ನ ರೇಡಿಯೊ ಮಾತು ಕಳುಹಿಸುವಾಗ ಸುಮಾರು 20 ಆಂಪಿಯರ್ ಎಳೆಯುತ್ತದೆ. 7 ÷ 20 = 0.35 ಗಂಟೆ, ಅಂದರೆ 21 ನಿಮಿಷ. 5 ವ್ಯಾಟ್‌ನದು 2 ಆಂಪಿಯರ್ ಎಳೆದರೂ 3 ಗಂಟೆ 30 ನಿಮಿಷ ಬರುತ್ತದೆ. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರಿಗೆ ಯಾವುದು ಲೇಸು, ನೀವೇ ಹೇಳಿ.

ಕೇಳುವವರಿಗೆ ಆಗುವ ನಷ್ಟ ನಾವು ಹೆದರುವಷ್ಟು ದೊಡ್ಡದಲ್ಲ. ಗ್ರಾಹಕದ ಸಿಗ್ನಲ್ ಮಾಪಕದಲ್ಲಿ ಒಂದು ಅಂಕ ಇಳಿಯಬೇಕಾದರೆ ಶಕ್ತಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಯಬೇಕು. 100ರಿಂದ 25, 25ರಿಂದ 6.25. ಹಾಗಾಗಿ 5 ವ್ಯಾಟ್‌ನ ಧ್ವನಿ ಎರಡು ಅಂಕಕ್ಕಿಂತ ಸ್ವಲ್ಪ ಹೆಚ್ಚು ಇಳಿದಿರುತ್ತದೆ, ಅಷ್ಟೆ. ಗದ್ದಲವಿಲ್ಲದಿದ್ದರೆ ಅದು ಕೇಳಿಸುತ್ತದೆ. ಕೇಳಿಸದಿದ್ದರೆ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತವಿದೆ. ಮಾತು ಮುಳುಗಿಹೋಗುವ ಗದ್ದಲದಲ್ಲಿಯೂ ಅದು ಕಿವಿಗೆ ತಿಳಿಯುತ್ತದೆ.

ನಲ್ಲಿಯ ವಾಷರ್‌ನಿಂದ ರೇಡಿಯೊ!

ಇಂತಹ ರೇಡಿಯೊ ವಿದೇಶದಿಂದಲೇ ಬರಬೇಕೆಂದಿಲ್ಲ. ಹುಮನಾಬಾದ್ ದಾಟಿ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋದರೆ ಸಿಗುವ ಹೈದರಾಬಾದಿನ ಹ್ಯಾಮ್ ಅಷ್ಹರ್ ಫರ್ಹಾನ್ ಅವರು ‘ಬಿಟ್‌ಎಕ್ಸ್ 20’ ಎಂಬ ರೇಡಿಯೊ ರೂಪಿಸಿದರು. ಅದರ ಶಕ್ತಿ ಸುಮಾರು 6 ವ್ಯಾಟ್. ಸಾಮಾನ್ಯ ಅಂಗಡಿಯಲ್ಲಿ ಸಿಗುವ ಭಾಗಗಳನ್ನೇ ಬಳಸಿದರು. ಸುರುಳಿ ಸುತ್ತಲು ನಲ್ಲಿಯ ವಾಷರ್‌ಗಳನ್ನು ಬಳಸಿದರು! ಅನೇಕ ದೇಶಗಳ ಹವ್ಯಾಸಿಗಳು ಅದನ್ನು ತಮ್ಮ ಕೈಯಾರೆ ತಯಾರಿಸಿದ್ದಾರೆ.

ಕೇಳುವವರೂ ಬೇಕು

26 ಡಿಸೆಂಬರ್ 2004ರಂದು ಸುನಾಮಿ ಅಂಡಮಾನ್‌ಗೆ ಅಪ್ಪಳಿಸಿತು. ಆಗ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಂದಿಗೆ ಪೋರ್ಟ್ ಬ್ಲೇರ್‌ನಲ್ಲಿದ್ದರು. ದ್ವೀಪದಲ್ಲಿದ್ದವರ ಕ್ಷೇಮ ಸಮಾಚಾರವನ್ನು ಅವರು ರೇಡಿಯೊ ಮೂಲಕ ಕಳುಹಿಸಿದರು. ಈ ಕಡೆ ಹ್ಯಾಮ್‌ಗಳು ಕಿವಿಗೊಟ್ಟು ಕುಳಿತಿದ್ದರಿಂದಲೇ ಅದು ಮನೆಗಳಿಗೆ ಮುಟ್ಟಿತು.

ನಮ್ಮ ಬಿಡಾರದ ಗುರುಗಳೂ ಹಾಗೆಯೇ ಕರೆ ಕೊಟ್ಟರು. ದೂರದ ಒಬ್ಬ ಹ್ಯಾಮ್ ಉತ್ತರಿಸಿದರು. ಗುರುಗಳು ನಾಲ್ಕೇ ವಿಷಯ ಹೇಳಿದರು: ನಾವು ಎಲ್ಲಿದ್ದೇವೆ, ಎಷ್ಟು ಜನ, ಏನಾಗಿದೆ, ಏನು ಬೇಕು. ಕೇಳಿದವರು ಅದನ್ನು ಬರೆದುಕೊಂಡು, ತಿರುಗಿ ಓದಿ, ಸರಿಯೆಂದು ಖಚಿತವಾದ ಮೇಲೆ ಫೋನಿನಲ್ಲಿ 112ಕ್ಕೆ ತಿಳಿಸಿದರು. ಒಂದು ತಪ್ಪು ಪದದಿಂದ ನೆರವು ಬೇರೆ ಕಣಿವೆಗೆ ಹೋಗಬಹುದಲ್ಲವೇ?

ಎಚ್ಚರಿಕೆ

* ಪರವಾನಗಿ ಇಲ್ಲದೆ ರೇಡಿಯೊದಲ್ಲಿ ಮಾತನಾಡುವುದು ಅಪರಾಧ. 12 ವರ್ಷ ತುಂಬಿದವರು ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ಅದನ್ನು ಪಡೆಯಬಹುದು.
* ವಿದ್ಯುತ್ ತಂತಿಗಳ ಬಳಿ ಆಂಟೆನಾ ಕಟ್ಟಬಾರದು.
* ಗುಡುಗು ಕೇಳಿದೊಡನೆ ಕೇಬಲ್ ಬಿಚ್ಚಿ, ಆಂಟೆನಾದಿಂದ ದೂರ ಸರಿಯಬೇಕು.

ಮಾಡಿ ನೋಡಿ

ಕತ್ತಲೆ ಕೋಣೆಯಲ್ಲಿ ಮೇಜಿನ ನಡುವೆ ಒಂದು ದೊಡ್ಡ ರಟ್ಟು ನಿಲ್ಲಿಸಿ. ಒಂದು ಬದಿಯಲ್ಲಿ ಟಾರ್ಚ್ ಹಿಡಿಯಿರಿ. ಇನ್ನೊಂದು ಬದಿಯಲ್ಲಿ ಗೆಳೆಯನು ಬಿಳಿ ಹಾಳೆ ಹಿಡಿಯಲಿ. ಟಾರ್ಚನ್ನು ರಟ್ಟಿನ ಕಡೆಗೆ ನೇರವಾಗಿ ಬಿಟ್ಟರೆ ಹಾಳೆಯ ಮೇಲೆ ಬೆಳಕು ಬೀಳದು. ಈಗ ಮತ್ತೊಬ್ಬರು ರಟ್ಟಿನ ಮೇಲೆ ಕನ್ನಡಿಯನ್ನು ಕೆಳಮುಖವಾಗಿ ಹಿಡಿಯಲಿ. ಟಾರ್ಚನ್ನು ಓರೆಯಾಗಿ ಕನ್ನಡಿಯತ್ತ ತಿರುಗಿಸಿ. ಏನು ಕಾಣುತ್ತದೆ? ಈ ಪ್ರಯೋಗದಲ್ಲಿ ಬೆಟ್ಟ ಯಾವುದು? ಅಯಾನುಗೋಳ ಯಾವುದು?

ಲೆಕ್ಕ ಮಾಡಿ

1. 14 ಮೆಗಾಹರ್ಟ್ಸ್‌ಗೆ ತರಂಗದೂರ ಎಷ್ಟು? ಅದರ ಅರ್ಧ ಉದ್ದದ ತಂತಿ ನಿಮ್ಮ ತರಗತಿಯ ಕೋಣೆಯಲ್ಲಿ ಹಿಡಿಯುತ್ತದೆಯೇ? ಅಳೆದು ನೋಡಿ.
2. ನೀವು ಕಾಡಿನಲ್ಲಿ ಸಿಲುಕಿದ್ದೀರಿ. ನೆರವು ಕೇಳುವ ಸಂದೇಶವನ್ನು 20 ಪದಗಳೊಳಗೆ ಬರೆಯಿರಿ. ಗೆಳೆಯನಿಗೆ ಒಮ್ಮೆ ಮಾತ್ರ ಓದಿ ಹೇಳಿ, ಅವನು ಬರೆದುಕೊಂಡದ್ದನ್ನು ನಿಮ್ಮದರೊಡನೆ ಹೋಲಿಸಿ. ಏನು ತಪ್ಪಿತು, ಏಕೆ?