ರೆಕಾರ್ಡ್‌ಗೆ ಈಕ್ವಲ್ಸ್ ಬರೆಯೋ ಮುಂಚೆ ಕನ್‌ಸ್ಟ್ರಕ್ಟರ್ ನೋಡಿ

2021ರಲ್ಲಿ ಜಾವಾ 16ರ ಜೊತೆ ರೆಕಾರ್ಡ್ ಪೂರ್ಣ ಪ್ರಮಾಣದಲ್ಲಿ ಬಂತು. ಫೀಲ್ಡ್‌ಗಳ ಹೆಸರು ಮತ್ತು ಟೈಪ್ ಒಂದೇ ಸಾಲಿನಲ್ಲಿ ಬರೆದರೆ ಸಾಕು. ಕನ್‌ಸ್ಟ್ರಕ್ಟರ್, ಫೀಲ್ಡ್ ಓದುವ ಮೆಥಡ್‌ಗಳು, ಈಕ್ವಲ್ಸ್, ಹ್ಯಾಶ್‌ಕೋಡ್, ಟುಸ್ಟ್ರಿಂಗ್ ಎಲ್ಲವನ್ನೂ ಕಂಪೈಲರ್ ಕೊಡುತ್ತೆ. ಆದರೆ ಅದು ಕೊಟ್ಟ ಈಕ್ವಲ್ಸ್ ನಮ್ಮ ಲೆಕ್ಕಕ್ಕೆ ಸರಿ ಇದೆಯಾ ಅಂತ ನೋಡೋದು ನಮ್ಮ ಕೆಲಸ.

ಕ್ಯಾಂಟೀನ್ ಬಿಲ್ ಆ್ಯಪ್‌ಗೆ 'ಬೆಲೆ' ಅನ್ನೋ ರೆಕಾರ್ಡ್ ಮಾಡಿದ್ದೀವಿ ಅಂದ್ಕೊಳ್ಳಿ. ಒಳಗೆ ಒಂದೇ ಫೀಲ್ಡ್, ಅದು ಬಿಗ್‌ಡೆಸಿಮಲ್. ಸ್ಟ್ರಿಂಗ್‌ನಿಂದ 50.0 ಅಂತ ಒಂದು, 50.00 ಅಂತ ಇನ್ನೊಂದು ಬೆಲೆ ಮಾಡಿ ಹ್ಯಾಶ್‌ಸೆಟ್‌ಗೆ ಹಾಕಿ. ಸೈಜ್ 2 ಬರುತ್ತೆ! ಯಾಕಂದ್ರೆ ಬಿಗ್‌ಡೆಸಿಮಲ್‌ನ ಈಕ್ವಲ್ಸ್ ದಶಮಾಂಶ ಸ್ಥಾನಗಳ ಸಂಖ್ಯೆಯನ್ನೂ ಹೋಲಿಸುತ್ತೆ. ನಮಗೆ ಎರಡೂ ಐವತ್ತು ರೂಪಾಯಿ, ಅದಕ್ಕೆ ಬೇರೆ ಬೇರೆ.

ತಕ್ಷಣ ಹೊಳೆಯೋ ಉಪಾಯ: ಈಕ್ವಲ್ಸ್ ನಾವೇ ಬರೆದು, ಒಳಗೆ ಕಂಪೇರ್‌ಟು ಬಳಸೋದು. ಅಷ್ಟೇ ಮಾಡಿದ್ರೆ ಸೈಜ್ ಆಗಲೂ 2. ಹ್ಯಾಶ್‌ಸೆಟ್ ಮೊದಲು ನೋಡೋದು ಹ್ಯಾಶ್‌ಕೋಡ್. ಅದು ಬೇರೆಯಾದರೆ ಈಕ್ವಲ್ಸ್‌ವರೆಗೆ ಹೋಗೋದೇ ಇಲ್ಲ. ಈಕ್ವಲ್ಸ್ ಬದಲಾಯಿಸಿದ್ರೆ ಹ್ಯಾಶ್‌ಕೋಡ್ ಕೂಡ ಬದಲಾಯಿಸಲೇಬೇಕು. ಸಮವಾದ ಎರಡು ಆಬ್ಜೆಕ್ಟ್‌ಗಳ ಹ್ಯಾಶ್‌ಕೋಡ್ ಒಂದೇ ಇರಬೇಕು ಅನ್ನೋದು ಜಾವಾ ನಿಯಮ.

ಇದಕ್ಕಿಂತ ಸುಲಭದ ದಾರಿ ಇದೆ: ಕಾಂಪ್ಯಾಕ್ಟ್ ಕನ್‌ಸ್ಟ್ರಕ್ಟರ್. ಇದಕ್ಕೆ ಪ್ಯಾರಾಮೀಟರ್ ಪಟ್ಟಿ ಬರೆಯೋ ಹಾಗಿಲ್ಲ. ಒಳಗೆ ಪ್ಯಾರಾಮೀಟರ್ ಬೆಲೆಯನ್ನು ತಿದ್ದಿದ್ರೆ, ಕೊನೆಗೆ ಅದು ತಾನಾಗಿಯೇ ಫೀಲ್ಡ್‌ಗೆ ಹೋಗುತ್ತೆ. ಅಲ್ಲಿ ಸೆಟ್‌ಸ್ಕೇಲ್‌ಗೆ 2 ಕೊಡಿ. 50.0 ಕೂಡ 50.00 ಆಗಿಯೇ ಒಳಗೆ ಬರುತ್ತೆ, ಸೈಜ್ 1 ಆಗುತ್ತೆ. ಈಕ್ವಲ್ಸ್, ಹ್ಯಾಶ್‌ಕೋಡ್ ಮುಟ್ಟಲೇ ಇಲ್ಲ! ಯಾರಾದರೂ 50.005 ಕೊಟ್ಟರೆ ಅರಿತ್ಮೆಟಿಕ್ ಎಕ್ಸೆಪ್ಷನ್ ಬರುತ್ತೆ, ಅರ್ಧ ಪೈಸೆ ಸದ್ದಿಲ್ಲದೆ ಮಾಯ ಆಗಲ್ಲ.

ಫೀಲ್ಡ್ ಅರೇ ಆಗಿದ್ದರೂ ಇದೇ ಪಾಠ. ರೆಕಾರ್ಡ್‌ನ ಈಕ್ವಲ್ಸ್ ಅರೇಯ ರೆಫರೆನ್ಸ್ ಮಾತ್ರ ನೋಡುತ್ತೆ, ಒಳಗಿನ ಅಂಶಗಳನ್ನಲ್ಲ. ಜೊತೆಗೆ ಹೊರಗಿನವರು ಆ ಅಂಶಗಳನ್ನು ಬದಲಾಯಿಸಲೂಬಹುದು. ಅರೇ ಬದಲು ಲಿಸ್ಟ್ ಇಟ್ಟು, ಕಾಂಪ್ಯಾಕ್ಟ್ ಕನ್‌ಸ್ಟ್ರಕ್ಟರ್‌ನಲ್ಲಿ ಲಿಸ್ಟ್ ಕಾಪಿಆಫ್ ಮಾಡಿದ್ರೆ ಎರಡೂ ತೊಂದರೆ ಬಹುಮಟ್ಟಿಗೆ ಮುಗೀತು.

ಹಾಗಾದ್ರೆ ಕೈಯಾರೆ ಬರೆಯೋದು ಯಾವಾಗ? ಪಾಸ್‌ವರ್ಡ್ ಇರೋ ರೆಕಾರ್ಡ್‌ಗೆ ಟುಸ್ಟ್ರಿಂಗ್ ನೀವೇ ಬರೀರಿ. ಇಲ್ಲಾಂದ್ರೆ ಪ್ರಿಂಟ್ ಮಾಡಿದಾಗ ಪಾಸ್‌ವರ್ಡ್ ಲಾಗ್‌ನಲ್ಲಿ ಕಾಣುತ್ತೆ. ಉಳಿದಂತೆ, ಒಳಗೆ ಬರುವಾಗಲೇ ಬೆಲೆಯನ್ನು ಒಂದೇ ರೂಪಕ್ಕೆ ತನ್ನಿ, ಹೋಲಿಸೋ ಕೆಲಸ ಕಂಪೈಲರ್‌ಗೆ ಬಿಡಿ.