ತೂಕದ ಬೆಲೆ, ಹೆಸರಿನ ಬೆಲೆ

ನಮ್ಮ ಭಾಗದ ಹಳೆ ಸಾಮಾನುಗಳಿಗೆ ಎರಡು ದರ ಇವೆ. ಹಾನಗಲ್ಲಿನ ಓಣಿಯಲ್ಲಿ ಮೋಡಕಾದವನ ತಕ್ಕಡಿಗೆ ಬಿದ್ದರೆ ಕಿಲೋ ಲೆಕ್ಕ. ಅದೇ ಸಾಮಾನನ್ನು ತಿಕ್ಕಿ ತೊಳೆದು, ಬಿಳಿ ಬಟ್ಟೆಯ ಮೇಲಿಟ್ಟು ಫೋಟೊ ತೆಗೆದು ಮೊಬೈಲಿಗೆ ಹಾಕಿದರೆ ಅದು ‘ಅಪರೂಪದ ಪುರಾತನ ವಸ್ತು’. ಆಗ ಬೆಲೆ ಐದು ಪಟ್ಟು, ಒಮ್ಮೊಮ್ಮೆ ಹತ್ತು ಪಟ್ಟು. ಈ ಎರಡು ದರಗಳ ನಡುವಿನ ಹಣ ಯಾವುದಕ್ಕೆ ಹೋಗುತ್ತದೆ ಎಂದು ತಿಳಿದುಕೊಂಡ ಮೇಲೆಯೇ ಆನ್‌ಲೈನಿನಲ್ಲಿ ಹಳೆಯದನ್ನು ಕೊಳ್ಳಬೇಕು. ನಾನು ಹಾಗೆ ಕೊಳ್ಳುತ್ತಿದ್ದೇನೆ, ಇಷ್ಟಪಟ್ಟು ಕೊಳ್ಳುತ್ತಿದ್ದೇನೆ.

ಇತ್ತೀಚಿನದೊಂದನ್ನು ಲೆಕ್ಕದ ಸಮೇತ ಹೇಳುತ್ತೇನೆ. ‘ಸವಣೂರು ನವಾಬರ ಕಾಲದ ಪಾನದಾನ, 8,500 ರೂಪಾಯಿ’ ಎಂಬ ಜಾಹೀರಾತು ಕಣ್ಣಿಗೆ ಬಿತ್ತು. ವೀಳ್ಯದೆಲೆಗೆ ಹೆಸರಾದ ಊರು ಸವಣೂರು. ಅಲ್ಲಿಯ ಪಾನದಾನ ಎಂದರೆ ಯಾರಿಗಾದರೂ ಮನಸ್ಸಾಗುತ್ತದೆ. ದುಂಡನೆಯ ಹಿತ್ತಾಳೆ ಡಬ್ಬಿ, ಮೇಲೆ ಗುಮ್ಮಟದಂಥ ಮುಚ್ಚಳ, ಒಳಗೆ ಸುಣ್ಣ, ಕಾಚು, ಅಡಿಕೆ, ಲವಂಗಕ್ಕೆ ಬೇರೆ ಬೇರೆ ಬಟ್ಟಲು. ಮಾರುವವರಿಗೆ ಫೋನ್ ಮಾಡಿ ಮೊದಲು ತೂಕ ಕೇಳಿದೆ: 1 ಕಿಲೋ 600 ಗ್ರಾಂ. ಬೋಗಾರರ ಅಂಗಡಿಯಲ್ಲಿ ವಿಚಾರಿಸಿದಾಗ ಹಳೆ ಹಿತ್ತಾಳೆಗೆ ಕಿಲೋಗೆ 500 ರೂಪಾಯಿ ಅಂದರು. ಅಂದರೆ ಲೋಹದ ಬೆಲೆ 800. ಅದೇ ಗಾತ್ರದ ಹೊಸ ಪಾನದಾನಕ್ಕೆ ಅಂಗಡಿಯಲ್ಲಿ 2,400. ಹೊಸದರ ಲೋಹ, ಕೆಲಸದ ಕೂಲಿ, ಅಂಗಡಿಯವರ ಲಾಭ ಎಲ್ಲ ಅದರೊಳಗೇ ಬಂತು. ಉಳಿದ 6,100 ರೂಪಾಯಿ ‘ನವಾಬರ ಕಾಲ’ ಎಂಬ ಮಾತಿನ ಬೆಲೆ.

ಆ ಮಾತಿಗೆ ಆಧಾರ ಏನು ಎಂದು ಕೇಳಿದೆ. “ಅಕ್ಕಾರ, ಹಳೇ ಮನಿತನದೊಳಗಿಂದ ಬಂದದ್ದರೀ” ಅಂದರು. ಯಾವ ಮನೆತನ, ಯಾವ ಊರು? ಗೊತ್ತಿಲ್ಲ. ಬುಡದ ಫೋಟೊ, ಮುಚ್ಚಳದ ಕೀಲಿನ ಫೋಟೊ ಕಳಿಸಲು ಹೇಳಿದೆ. ಕೀಲನ್ನು ಹಿಡಿದಿದ್ದ ಸ್ಕ್ರೂವಿನ ತಲೆಯ ಮೇಲೆ ಕೂಡುವ ಚಿಹ್ನೆಯ ಗೀರಿತ್ತು. ಆ ಬಗೆಯ ಸ್ಕ್ರೂ ಅಮೆರಿಕದಲ್ಲಿ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ನಮ್ಮ ಕಡೆಯ ಕೆಲಸಗಾರರ ಕೈಗೆ ಬಂದದ್ದು ಎಷ್ಟೋ ಕಾಲದ ಮೇಲೆ. ಕೀಲು ಆಮೇಲೆ ದುರಸ್ತಿಯಾಗಿರಬಹುದು, ಇಲ್ಲವೇ ಇಡೀ ಡಬ್ಬಿಯೇ ಈಚಿನದಿರಬಹುದು. ಎರಡರಲ್ಲಿ ಯಾವುದಾದರೂ 6,100 ನಿಲ್ಲುವುದಿಲ್ಲ. ಬಟ್ಟಲುಗಳ ಅಂಚಿನ ಕೈಕೆಲಸ ನಿಜಕ್ಕೂ ಚೆನ್ನಾಗಿತ್ತು. ನನಗೆ ಅದು ಬೇಕಿತ್ತು. 3,600ಕ್ಕೆ ಮಾತು ಮುಗಿಯಿತು, ಪಾರ್ಸೆಲ್ ಖರ್ಚು ಬೇರೆ. ಕೈಕೆಲಸದ ಒಳ್ಳೆಯ ಪಾನದಾನಕ್ಕೆ ಆ ಹಣ ಸರಿ ಎಂದು ಕೊಟ್ಟೆ, ನವಾಬರ ಹೆಸರಿಗೆ ಏನೂ ಕೊಡಲಿಲ್ಲ.

ನವಾಬರ ಕಾಲ ಎಂಬುದೂ ಉದ್ದದ್ದೇ. ಸವಣೂರು ಸಂಸ್ಥಾನ ಭಾರತದಲ್ಲಿ ವಿಲೀನವಾದದ್ದು 1948ರಲ್ಲಿ. 1945ರಲ್ಲಿ ಪೇಟೆಯಲ್ಲಿ ಕೊಂಡ ತಂಬಿಗೆಯೂ ನವಾಬರ ಕಾಲದ್ದೇ. ಕಾನೂನಿನ ಕಣ್ಣಿನಲ್ಲಿ ಅದು ಪುರಾತನ ಅಲ್ಲ. 1972ರ ಪುರಾವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ವಸ್ತುವಿಗೆ ಕನಿಷ್ಠ 100 ವರ್ಷ ಆಗಿರಬೇಕು, ಹಸ್ತಪ್ರತಿಗಳಿಗೆ 75. ಅಂಥದನ್ನು ವ್ಯಾಪಾರವಾಗಿ ಮಾರುವವರು ಲೈಸೆನ್ಸ್ ಪಡೆದಿರಬೇಕು, ಶಿಲ್ಪ, ಚಿತ್ರದಂಥವು ನೋಂದಣಿಯಾಗಿರಬೇಕು, ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಆದ್ದರಿಂದ ‘150 ವರ್ಷ ಹಳೆಯದು’ ಎಂದು ಒಬ್ಬರು ಜಾಹೀರಾತು ಹಾಕಿದರೆ ನನ್ನ ಮೊದಲ ಪ್ರಶ್ನೆ, ಲೈಸೆನ್ಸ್ ಎಲ್ಲಿದೆ? ಈ ಪ್ರಶ್ನೆ ಕೇಳಿದ ಕೂಡಲೇ ಎಷ್ಟೋ ವಸ್ತುಗಳ ವಯಸ್ಸು 80ಕ್ಕೆ ಇಳಿದದ್ದನ್ನು ಕಂಡಿದ್ದೇನೆ.

ವಯಸ್ಸು ಹೇಳುವ ಗುರುತುಗಳು ವಸ್ತುವಿನ ಮೇಲೆಯೇ ಇರುತ್ತವೆ. ಸೇರು, ಪಾವು, ಚಟಾಕು ಮಾಪಿನ ಸರಕಾರಿ ಮುದ್ರೆ ಇದ್ದರೆ ಕಿಲೋ-ಲೀಟರ್ ಕಡ್ಡಾಯವಾಗುವುದಕ್ಕಿಂತ ಹಿಂದಿನದು. ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ. ಪಾತ್ರೆಯ ಮೇಲೆ ‘ಜಿ|| ಹಾವೇರಿ’ ಎಂದು ಕೊರೆದಿದ್ದರೆ 1997ರ ಈಚಿನದು, ಅದಕ್ಕೂ ಮೊದಲು ಹಾನಗಲ್, ಹಿರೇಕೆರೂರು, ಸವಣೂರು, ಶಿಗ್ಗಾವಿ ತಾಲ್ಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದವು. ಬಳಕೆಯ ಸವೆತ ಒಂದೇ ಸಮ ಇರುವುದಿಲ್ಲ: ಕೈ ಹಿಡಿಯುವ ಕಡೆ ನುಣುಪು, ನೆಲಕ್ಕೆ ತಾಗುವ ಕಡೆ ಗೀರು, ಮೂಲೆಯಲ್ಲಿ ಕಪ್ಪು. ಮೈತುಂಬ ಒಂದೇ ಬಣ್ಣದ ಕಪ್ಪು ಇದ್ದರೆ ಅದು ರಾಸಾಯನಿಕ ಹಚ್ಚಿ ತಂದದ್ದು ಎಂದೇ ನಾನು ತಿಳಿಯುತ್ತೇನೆ.

ಕೊಳ್ಳುವ ಜಾಗವೂ ಮುಖ್ಯ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟ ತಾಣಗಳು ಮಾರುವವರ ಹೆಸರು, ವಿಳಾಸ, ವಾಪಸಾತಿಯ ಷರತ್ತು ತೋರಿಸಬೇಕು. ದೂರು ಕೊಟ್ಟರೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಗ್ರಾಹಕ ಸಹಾಯವಾಣಿ 1915 ಇದೆ. ವಾಟ್ಸಾಪ್ ಗುಂಪಿನಲ್ಲಿ ಹೆಸರಿಲ್ಲದವರಿಂದ ಕೊಂಡರೆ ಈ ಆಸರೆ ಸಿಗುವುದು ಕಷ್ಟ. ಅಲ್ಲಿ ನಾನು ವಸ್ತು ನೋಡದೆ ದುಡ್ಡು ಹಾಕುವುದಿಲ್ಲ. ಪಾರ್ಸೆಲ್ ಬಿಚ್ಚುವಾಗ ಮೊದಲಿನಿಂದ ಕೊನೆಯವರೆಗೆ ವಿಡಿಯೊ ತೆಗೆಯುತ್ತೇನೆ. ಒಮ್ಮೆ ಒಡೆದು ಬಂದ ಪಿಂಗಾಣಿ ಭರಣಿಯ ಹಣ ಪೂರ್ತಿ ವಾಪಸ್ ಬಂದದ್ದು ಆ ವಿಡಿಯೊದಿಂದ.

ಕೆಲವನ್ನು ಎಷ್ಟು ಸೋವಿಯಾದರೂ ಮುಟ್ಟಬಾರದು. ಹಾನಗಲ್ಲಿನ ತಾರಕೇಶ್ವರ, ಬಂಕಾಪುರದ ನಗರೇಶ್ವರ ಗುಡಿಗಳ ಸುತ್ತಿನ ಈ ನಾಡಿನಲ್ಲಿ ಹೊಲದ ಬದುವಿನಲ್ಲೂ ವೀರಗಲ್ಲು, ನಾಗರಕಲ್ಲು ನಿಂತಿವೆ. ತೋಟದ ಅಲಂಕಾರಕ್ಕೆ ಎಂದು ಯಾರಾದರೂ ಹಳೆ ಕಲ್ಲು ಮಾರಲು ಬಂದರೆ ಅದು ಯಾವುದೋ ಊರಿನವರಿಗೆ ಸೇರಿದ್ದು ಎಂದೇ ತಿಳಿಯಿರಿ. ದಂತದ ಹಿಡಿಕೆ, ಜಿಂಕೆಯ ಕೋಡು, ಹುಲಿಯುಗುರು ಅಜ್ಜನ ಕಾಲದ್ದಾದರೂ ವನ್ಯಜೀವಿ ಕಾಯ್ದೆಗೆ ಒಳಪಟ್ಟದ್ದೇ. 2023ರಲ್ಲಿ ಟಿವಿ ಕಾರ್ಯಕ್ರಮವೊಂದರ ಸ್ಪರ್ಧಿ ಹುಲಿಯುಗುರಿನ ಪದಕ ಹಾಕಿಕೊಂಡು ಬಂಧನಕ್ಕೊಳಗಾದ ಮೇಲೆ ರಾಜ್ಯದಲ್ಲಿ ಎಷ್ಟು ಜನರ ಕೊರಳಿನ ಪದಕಗಳು ವಿಚಾರಣೆಗೆ ಬಂದವು ಎಂಬುದು ನೆನಪಿರಬಹುದು.

ಹಳೆ ನಾಣ್ಯ-ನೋಟಿನ ಮೋಸ ಇನ್ನೊಂದು ಬಗೆಯದು. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಕೊಡುತ್ತೇವೆ ಎನ್ನುತ್ತಾರೆ. ಆಮೇಲೆ ರಿಸರ್ವ್ ಬ್ಯಾಂಕಿನ ತೆರಿಗೆ, ಕಮಿಷನ್ ಎಂದು ನಿಮ್ಮಿಂದಲೇ ಹಣ ಕೇಳುತ್ತಾರೆ. ತಾನು ಇಂಥ ವ್ಯವಹಾರದಲ್ಲಿ ಇಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದೇ ಎಚ್ಚರಿಸಿದೆ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ವಯಸ್ಸಾದವರ ಪಿಂಚಣಿ ಹಣ ಹೀಗೆ ಹೋದಾಗ ನನಗೆ ತಡೆಯಲಾರದ ಸಿಟ್ಟು ಬರುತ್ತದೆ.

ಕೊಂಡ ಮೇಲಿನ ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳದವರೇ ಹೆಚ್ಚು. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಅಡುಗೆ ಮಾಡುವುದಾದರೆ ಒಳಗೆ ಕಲಾಯಿ ಬೇಕೇ ಬೇಕು, ಅದರಲ್ಲೂ ಹುಳಿ ಪದಾರ್ಥಕ್ಕೆ. ಕಲಾಯಿ ಹಾಕುವವರು ಓಣಿಗೆ ಬರುವುದು ಈಗ ಅಪರೂಪ. ಬಂದಾಗ ನಾನು ಕೆಲಸ ಬಿಟ್ಟು ನಿಂತು ನೋಡುತ್ತೇನೆ. ಪಾತ್ರೆ ಕೆಂಡದ ಮೇಲೆ ಕಾದು, ನವಸಾಗರದ ಪುಡಿ ಬಿದ್ದ ಕೂಡಲೇ ಬಿಳಿ ಹೊಗೆ ಏಳುತ್ತದೆ. ತವರದ ಕಡ್ಡಿ ತಾಗಿಸಿ ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಕಪ್ಪಾಗಿದ್ದ ತಳ ಬೆಳ್ಳಿಯ ಹಾಗೆ ಬೆಳಗುತ್ತದೆ. ಅವರು ಕೇಳಿದ ಕೂಲಿಗೆ ನಾನು ಚೌಕಾಸಿ ಮಾಡುವುದಿಲ್ಲ. ಆ ಕೈ ನಿಂತುಹೋದರೆ ನಮ್ಮ ಪಾತ್ರೆಗಳೆಲ್ಲ ಶೋಕೇಸು ಸೇರುತ್ತವೆ.

ಅಡುಗೆಗೆ ಬಳಸದ ಹಳೆ ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ಥಳಥಳ ತಿಕ್ಕುವ ಅಭ್ಯಾಸ ಬಿಡಬೇಕು. ವರ್ಷಗಳಿಂದ ಮೂಡಿದ ಗಟ್ಟಿ ಕಂದು ಬಣ್ಣ ಲೋಹವನ್ನು ಕಾಪಾಡುತ್ತದೆ, ಕೊಳ್ಳುವವರು ಹಣ ಕೊಡುವುದೂ ಅದಕ್ಕೇ. ಹಸಿರು ಪುಡಿಯ ಕಿಲುಬು ಮಾತ್ರ ತೆಗೆಯಬೇಕು: ಮೆತ್ತನೆಯ ಬ್ರಶ್, ಆಮೇಲೆ ಪೂರ್ತಿ ಒಣಗಿಸುವುದು. ಬಿದರಿ ವಸ್ತುವಿಗೆ ಹುಳಿ ತಾಗಿಸಲೇಬೇಡಿ. ಸತುವಿನ ಆ ಕಪ್ಪು ಬೀದರ್ ಕೋಟೆಯ ಮಣ್ಣಿನಿಂದ ಬಂದದ್ದು, ಹೋದರೆ ಮನೆಯಲ್ಲಿ ಬರಿಸಲಾಗುವುದಿಲ್ಲ. ಕಲಘಟಗಿ ತೊಟ್ಟಿಲಿನ ಬಣ್ಣ ಅರಗಿನದು. ಅರಗು ಸ್ಪಿರಿಟಿನಲ್ಲಿ ಕರಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರಿನ ನಾಲ್ಕು ಹನಿ ಸಾಕು, ಚಿತ್ರ ಅಳಿಸಿಹೋಗಲು. ಒಣ ಬಟ್ಟೆಯಿಂದ ಒರೆಸಿ, ಬಿಸಿಲಿನಿಂದ ದೂರ ಇಡಿ.

ಮರದ್ದು ಬಂದರೆ ನಾನು ನೇರ ಒಳಗೆ ತರುವುದಿಲ್ಲ. ಪಡಸಾಲೆಯಲ್ಲಿ ಕಪ್ಪು ಬಟ್ಟೆಯ ಮೇಲೆ ಕೆಲವು ವಾರ ಇಡುತ್ತೇನೆ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಬಟ್ಟೆಯ ಮೇಲೆ ಉದುರಿದರೆ ಹುಳ ಇನ್ನೂ ಜೀವಂತ ಇದೆ ಎಂದರ್ಥ. ಅದನ್ನು ಒಳಗೆ ತಂದರೆ ಮನೆಯ ತೊಲೆ, ಬಾಗಿಲಿಗೂ ಹಬ್ಬುತ್ತದೆ. ಹಾನಗಲ್, ಹಿರೇಕೆರೂರು ಮಲೆನಾಡಿನ ಸೆರಗಿನ ತಾಲ್ಲೂಕುಗಳು, ಮಳೆಗಾಲದಲ್ಲಿ ಗೋಡೆ ಬೆವರುತ್ತದೆ. ಪೆಟ್ಟಿಗೆಯ ಕಾಲಿನ ಕೆಳಗೆ ಚಪ್ಪಟೆ ಕಲ್ಲು, ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಜಾಗ ಇರಲಿ.

ಇಷ್ಟೆಲ್ಲ ಹೇಳಿದ ಮೇಲೆ ನಾನು ನಿಜವಾಗಿ ಒತ್ತಿ ಹೇಳಬೇಕಾದ್ದು ಕೊಳ್ಳುವುದರ ಬಗ್ಗೆ ಅಲ್ಲ. ಹಿರೇಕೆರೂರಿನ ನಮ್ಮ ದೊಡ್ಡವ್ವ ಅಟ್ಟ ಖಾಲಿ ಮಾಡುತ್ತ ಕಂಚಿನ ಗಂಗಾಳಗಳನ್ನು ಬಾಗಿಲಿಗೆ ತಂದಿಟ್ಟಿದ್ದಳು. “ಇವನ್ನ ಇಟಗೊಂಡು ಏನ್ ಮಾಡೂದೈತಿ? ತೂಕಕ್ಕ ಹಾಕಿದ್ರ ನಾಕು ರೊಕ್ಕ ಬರತಾವು” ಅಂದಳು. ಒಂದರ ಅಂಚಿನಲ್ಲಿ ಮೊಳೆಯಿಂದ ಚುಚ್ಚಿದ ಚುಕ್ಕೆಗಳ ಅಕ್ಷರ: ಆಯಾರ ಮಾಡಿದವರ ಹೆಸರು, ‘ತಾ|| ಹಿರೇಕೆರೂರ ಜಿ|| ಧಾರವಾಡ’, ಇಸವಿ 1951. ಯಾರ ಮದುವೆ ಎಂದು ಕೇಳಿದಾಗ ದೊಡ್ಡವ್ವ ಬೀಗರು, ಊಟ, ಮಳೆ ಎಲ್ಲವನ್ನೂ ಹೇಳತೊಡಗಿದಳು. ಆನ್‌ಲೈನಿನಲ್ಲಿ 6,100 ರೂಪಾಯಿ ಕೇಳಿದರೂ ಸಿಗದ ಆಧಾರ ಅಲ್ಲಿ ಮೋಡಕಾ ಗಾಡಿಗೆ ಹೋಗುವುದರಲ್ಲಿತ್ತು. ತೂಕದ ಬೆಲೆಯನ್ನು ದೊಡ್ಡವ್ವನ ಕೈಗೆ ಕೊಟ್ಟು, ಗಂಗಾಳಗಳನ್ನು ಅವಳ ಮನೆಯಲ್ಲೇ ಉಳಿಸಿದೆವು. ಅವಳು ಹೇಳಿದ್ದನ್ನು ಅವಳ ದನಿಯಲ್ಲೇ ಮೊಬೈಲಿನಲ್ಲಿ ಹಿಡಿದಿಟ್ಟು, ಫೋಟೊ ಜೊತೆ ಒಂದು ವಹಿಯಲ್ಲಿ ಬರೆದೆ.

ಹಳೆ ಪಾತ್ರೆಯನ್ನು ಹೂಡಿಕೆ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಬಡ್ಡಿ ಇಲ್ಲ, ಬೇಕೆಂದಾಗ ಕೊಳ್ಳುವವರು ಸಿಗುವುದಿಲ್ಲ. ಮನೆ ವಿಮೆಯಲ್ಲಿಯೂ ಪುರಾತನ ವಸ್ತು, ಕಲಾಕೃತಿಗಳು ತಾವಾಗಿ ಸೇರುವುದಿಲ್ಲ, ಬೆಲೆ ನಮೂದಿಸಿ ಬೇರೆಯಾಗಿ ಸೇರಿಸಬೇಕು. ಮಾರಿದಾಗ ತೆರಿಗೆಯ ಲೆಕ್ಕವೂ ಇದೆ: ಮನೆಬಳಕೆಯ ಸಾಮಾನಿಗೆ ವಿನಾಯಿತಿ ಇದ್ದರೂ ಚಿತ್ರ, ಶಿಲ್ಪ, ಕಲಾಕೃತಿಗೆ ಇಲ್ಲ. 24 ತಿಂಗಳು ದಾಟಿಸಿ ಮಾರಿದರೆ, 2024ರ ಜುಲೈ 23ರಿಂದ ಲಾಭದ ಮೇಲೆ ಶೇಕಡಾ 12.5. ಹಾಗಾಗಿ ವರ್ಷದ ಖರ್ಚಿನಲ್ಲಿ ಇದಕ್ಕೊಂದು ಮಿತಿ ಇಟ್ಟುಕೊಂಡಿದ್ದೇನೆ. ಸೀರೆ, ಪ್ರವಾಸದ ಸಾಲಿನಲ್ಲೇ ಅದೂ ಕೂರುತ್ತದೆ.

ಮಾರಲೇಬೇಕಾದ ಮನೆಗಳೂ ಇವೆ. ಹಳೆ ಮನೆ ಕೆಡವಿ ಕಾಂಕ್ರೀಟು ಕಟ್ಟುವವರ ಸಾಗವಾನಿ ಕಂಬ, ಕೆತ್ತನೆಯ ಚೌಕಟ್ಟನ್ನು ಲಾರಿ ಲೆಕ್ಕದಲ್ಲಿ ಎತ್ತಿಕೊಂಡು ಹೋಗುವವರು ಶಿಗ್ಗಾವಿ, ಸವಣೂರು ಕಡೆಯೂ ತಿರುಗುತ್ತಾರೆ. ಅವರಿಗೆ ಇಡೀ ಲಾಟು ಒಂದೇ ಬೆಲೆಗೆ ಕೊಡಬೇಡಿ. ಒಂದೊಂದರ ಫೋಟೊ, ಅಳತೆ, ಮರದ ಜಾತಿ ಬರೆದಿಟ್ಟು, ಅಂಥದೇ ಬಾಗಿಲಿಗೆ ಆನ್‌ಲೈನಿನಲ್ಲಿ ಎಷ್ಟು ಕೇಳುತ್ತಿದ್ದಾರೆ ನೋಡಿ, ಇಬ್ಬರಿಂದಲಾದರೂ ದರ ತರಿಸಿ. ಮುಂಗಡ ಬ್ಯಾಂಕಿಗೆ ಬಂದ ಮೇಲೆಯೇ ಬಾಗಿಲು ಕೀಳಲು ಬಿಡಿ.