ಗಡಿಯಾರಕ್ಕೆ ಹನ್ನೆರಡು ಹೇಳಿದವರು ಯಾರು?

ಮಕ್ಕಳೇ, ಶಾಲೆಯ ಗಡಿಯಾರ ಹನ್ನೆರಡು ತೋರಿಸಿದಾಗ ಸೂರ್ಯ ಆ ದಿನದ ಅತಿ ಎತ್ತರಕ್ಕೆ ಬಂದಿರುತ್ತಾನೆಯೆ? ನಮ್ಮ ಕರ್ನಾಟಕದಲ್ಲಿ ಸಾಮಾನ್ಯವಾಗಿ ಇಲ್ಲ. ಹಾಗಾದರೆ ಗಡಿಯಾರ ತೋರಿಸುವುದು ಯಾರ ಹನ್ನೆರಡು? ಉತ್ತರ ಹುಡುಕಲು ಇಂಗ್ಲೆಂಡಿನ ಒಂದು ಗುಡ್ಡಕ್ಕೆ ಹೋಗೋಣ.

ಲಂಡನ್ನಿನ ಥೇಮ್ಸ್ ನದಿಯ ಬಳಿ ಗ್ರೀನಿಚ್ ಎಂಬಲ್ಲಿ, ಹಿಂದೆ ರಾಜರು ಜಿಂಕೆ ಬೇಟೆಯಾಡುತ್ತಿದ್ದ ಉದ್ಯಾನವಿದೆ. ಅದರ ಗುಡ್ಡದ ಮೇಲೆ 1675ರಲ್ಲಿ ದೊರೆ ಎರಡನೆಯ ಚಾರ್ಲ್ಸ್ ಖಗೋಳ ವೀಕ್ಷಣಾಲಯವನ್ನು ಸ್ಥಾಪಿಸಿದನು. ಅದಕ್ಕೆ ಕಾರಣ ಹಡಗುಗಳು. ನಡುಸಮುದ್ರದಲ್ಲಿ ನಾವಿಕನಿಗೆ ಅಕ್ಷಾಂಶ ತಿಳಿಯುವುದು ಸುಲಭ. ಸೂರ್ಯನ ಎತ್ತರ ಅಳೆದರೆ ಸಾಕು. ರೇಖಾಂಶ ಮಾತ್ರ ತಿಳಿಯುತ್ತಿರಲಿಲ್ಲ. ಕತ್ತಲಲ್ಲಿ ಬಂಡೆಗೆ ಬಡಿದು ಹಡಗು ಮುಳುಗುವ ಭಯ ಸದಾ ಇತ್ತು.

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಒಂದು ಡಿಗ್ರಿಗೆ 4 ನಿಮಿಷ. (ನಮ್ಮ ಅಜ್ಜ ಅಜ್ಜಿಯರ ಒಂದು ಗಳಿಗೆ 24 ನಿಮಿಷ, ಅಷ್ಟರಲ್ಲಿ ಎಷ್ಟು ಡಿಗ್ರಿ? ಲೆಕ್ಕ ಮಾಡಿ.) ಹಡಗಿನಲ್ಲಿ ನಡುಹಗಲಾದಾಗ ಗ್ರೀನಿಚ್‌ನಲ್ಲಿ ಎಷ್ಟು ಗಂಟೆ ಎಂದು ತಿಳಿದರೆ ರೇಖಾಂಶ ಸಿಕ್ಕಿತು! ಆದರೆ ಗಡಿಯಾರ ಒಂದೇ ನಿಮಿಷ ತಪ್ಪಿದರೂ ಸಮಭಾಜಕದ ಬಳಿ ಲೆಕ್ಕ ಸುಮಾರು 28 ಕಿ.ಮೀ. ತಪ್ಪುತ್ತದೆ. ಸಮುದ್ರದ ಓಲಾಟದಲ್ಲೂ ಕೆಡದ ಗಡಿಯಾರವನ್ನು ಬಡಗಿ ಕೆಲಸ ಬಲ್ಲ ಜಾನ್ ಹ್ಯಾರಿಸನ್ 1759ರಲ್ಲಿ ಮಾಡಿ ಮುಗಿಸಿದನು.

ಗಡಿಯಾರವೇನೋ ಸರಿ, ಅದಕ್ಕೆ ಸರಿಯಾದ ಸಮಯ ಹೇಳುವವರು ಯಾರು? ನಕ್ಷತ್ರಗಳು! ವೀಕ್ಷಣಾಲಯದ ದೂರದರ್ಶಕವೊಂದು ಉತ್ತರ-ದಕ್ಷಿಣ ರೇಖೆಯಲ್ಲಿ ಮಾತ್ರ ತಿರುಗುತ್ತಿತ್ತು. ಅದರೊಳಗೆ ಕಾಣುವ ತೆಳುವಾದ ಎಳೆಯನ್ನು ಗೊತ್ತಾದ ನಕ್ಷತ್ರವೊಂದು ದಾಟುವ ಕ್ಷಣವನ್ನು ಬರೆದಿಟ್ಟು, ಗಡಿಯಾರದ ತಪ್ಪನ್ನು ಕಂಡುಹಿಡಿಯುತ್ತಿದ್ದರು.

1833ರಿಂದ ಅಲ್ಲಿನ ಛಾವಣಿಯ ಕಂಬದ ಮೇಲಿಂದ ಪ್ರತಿದಿನ ಮಧ್ಯಾಹ್ನ ಸರಿಯಾಗಿ 1 ಗಂಟೆಗೆ ದೊಡ್ಡ ಚೆಂಡೊಂದು ಜಾರಿ ಇಳಿಯುತ್ತಿತ್ತು. ನದಿಯಲ್ಲಿದ್ದ ನಾವಿಕರು ಅದನ್ನು ನೋಡಿ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರು. 12 ಗಂಟೆಗೇ ಏಕಲ್ಲ? ಆಗ ಖಗೋಳಜ್ಞರು ಸೂರ್ಯನನ್ನು ನೋಡುವುದರಲ್ಲಿ ಮಗ್ನರಾಗಿರುತ್ತಿದ್ದರು! ರೂತ್ ಬೆಲ್‌ವಿಲ್ ಎಂಬಾಕೆಯಂತೂ ತನ್ನ ಗಡಿಯಾರವನ್ನು ಗ್ರೀನಿಚ್‌ನಲ್ಲಿ ತಾಳೆ ನೋಡಿ, ಲಂಡನ್ನಿನ ಅಂಗಡಿ ಅಂಗಡಿಗೆ ಹೋಗಿ ಸಮಯ ಮಾರುತ್ತಿದ್ದಳು. ವರ್ತನೆ ಹಾಲಿನಂತೆ! ಅವಳ ಈ ವ್ಯಾಪಾರ 1940ರವರೆಗೂ ನಡೆಯಿತು.

1884ರಲ್ಲಿ ವಾಷಿಂಗ್ಟನ್‌ನಲ್ಲಿ 25 ದೇಶಗಳ ಪ್ರತಿನಿಧಿಗಳು ಸೇರಿ ಗ್ರೀನಿಚ್ ರೇಖೆಯನ್ನು ಸೊನ್ನೆ ರೇಖಾಂಶವೆಂದು ಒಪ್ಪಿದರು. ಪರವಾಗಿ 22 ಮತ, ವಿರೋಧ 1. ಸಮಭಾಜಕವನ್ನು ಭೂಮಿಯ ತಿರುಗಾಟವೇ ಗೊತ್ತು ಮಾಡಿದೆ. ಈ ರೇಖೆಯನ್ನು ಗೊತ್ತು ಮಾಡಿದ್ದು ಮನುಷ್ಯರ ಮತದಾನ. ಆಗಲೇ ಹೆಚ್ಚಿನ ಹಡಗುಗಳು ಗ್ರೀನಿಚ್ ಲೆಕ್ಕವನ್ನೇ ಬಳಸುತ್ತಿದ್ದವು.

ಈಗ ಸಮಯ ಹೇಳುವುದು ಪರಮಾಣು ಗಡಿಯಾರಗಳು. ಗ್ರೀನಿಚ್ ಕಟ್ಟಡ ವಸ್ತುಸಂಗ್ರಹಾಲಯವಾಗಿದೆ. ಆದರೂ ನಮ್ಮ ಭಾರತೀಯ ಕಾಲಮಾನದ ಲೆಕ್ಕ ಹೊರಡುವುದು ಆ ಸೊನ್ನೆಯಿಂದಲೇ. ಮಿರ್ಜಾಪುರದ ಬಳಿ ಹಾದುಹೋಗುವ 82½ ಡಿಗ್ರಿ ಪೂರ್ವ ರೇಖಾಂಶ ನಮ್ಮ ಆಧಾರ. 82½ನ್ನು 4ರಿಂದ ಗುಣಿಸಿ: 330 ನಿಮಿಷ, ಅಂದರೆ ಐದೂವರೆ ಗಂಟೆ. ಗಡಿಯಾರ ತೋರಿಸುವ ಹನ್ನೆರಡು ಆ ರೇಖೆಯದು. ಅದಕ್ಕಿಂತ ಪಶ್ಚಿಮಕ್ಕಿರುವ ಕೋಲಾರಕ್ಕೆ ನಡುಹಗಲು ಸುಮಾರು 17 ನಿಮಿಷ ತಡ, ಮಂಗಳೂರಿಗೆ ಸುಮಾರು 30 ನಿಮಿಷ ತಡ.

ಮಾಡಿ ನೋಡಿ: ಡಿಸೆಂಬರ್ 24 ಅಥವಾ 26ರಂದು ಬಯಲಿನಲ್ಲಿ ಒಂದು ಕೋಲನ್ನು ನೆಟ್ಟಗೆ ನೆಡಿ. 12ರಿಂದ 12:45ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ. ಅತಿ ಗಿಡ್ಡ ನೆರಳು ಬಿದ್ದದ್ದು ಎಷ್ಟು ಗಂಟೆಗೆ? (ಬೇರೆ ತಿಂಗಳುಗಳಲ್ಲಿ ಸೂರ್ಯ ಗಡಿಯಾರಕ್ಕಿಂತ ಸ್ವಲ್ಪ ಹಿಂದೆ ಮುಂದೆ ಆಗುತ್ತಾನೆ, ಈ ದಿನಗಳಲ್ಲಿ ಆ ವ್ಯತ್ಯಾಸ ತೀರಾ ಕಡಿಮೆ.) ಭೂಪಟದಲ್ಲಿ ನಿಮ್ಮ ಊರಿನ ರೇಖಾಂಶ ನೋಡಿ, ನಿಮ್ಮ ಉತ್ತರವನ್ನು ತಾಳೆ ಹಾಕಿ.